ಅಂಗಡಿಯ ಲೆಕ್ಕವೂ ಗಣಕಯಂತ್ರವೂ

ದೀಪಾವಳಿಯ ದಿನಗಳಲ್ಲಿ ನಮ್ಮ ನಾಡಿನ ವರ್ತಕರು ಅಂಗಡಿಯನ್ನು ಸಾರಿಸಿ, ಮಾವಿನ ತೋರಣ ಕಟ್ಟಿ, ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಲಕ್ಷ್ಮೀಪೂಜೆ ಮಾಡುವ ವಾಡಿಕೆಯನ್ನು ವಾಚಕರೆಲ್ಲರೂ ಬಲ್ಲರು. ಈಚಿನ ವರ್ಷಗಳಲ್ಲಿ ಆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ವಸ್ತುವೂ ಹಣೆಗೆ ಕುಂಕುಮ ಧರಿಸಿ ಕುಳಿತಿರುವುದನ್ನು ಕಾಣುತ್ತೇವೆ. ಅದೇ ಗಣಕಯಂತ್ರ, ಎಂದರೆ ಕಂಪ್ಯೂಟರ್. ಕೆಲವು ಅಂಗಡಿಗಳಲ್ಲಿ ಪುಸ್ತಕವೇ ಮರೆಯಾಗಿ ಯಂತ್ರವೊಂದೇ ಉಳಿದಿದೆ.

ಇಂಥ ಅಂಗಡಿಯ ಮನೆಯಲ್ಲಿ ಪ್ರೌಢಶಾಲೆಗೋ ಕಾಲೇಜಿಗೋ ಹೋಗುವ ಮಗನೋ ಮಗಳೋ ಇದ್ದರೆ, ಒಂದಲ್ಲ ಒಂದು ದಿನ ಹಿರಿಯರು ಕೇಳಿಯೇ ಕೇಳುತ್ತಾರೆ: "ಓದಿದವರು ನೀವು. ನಮ್ಮ ಅಂಗಡಿಗೆ ಯಾವ ಕಂಪ್ಯೂಟರ್ ತರೋಣ, ಹೇಳಿ." ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ನಿಲ್ಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಯಾವ ಯಂತ್ರ ಎಂಬುದು ಕೊನೆಯ ಪ್ರಶ್ನೆ. ನಮ್ಮ ಅಂಗಡಿ ಏನನ್ನು ಬರೆದಿಡಬೇಕು, ಹಾಗೆ ಬರೆದಿಟ್ಟದ್ದು ಕೊನೆಯವರೆಗೂ ನಮ್ಮ ಕೈಯಲ್ಲಿಯೇ ಉಳಿಯುವುದೆ ಎಂಬ ಎರಡೇ ಮೊದಲ ಪ್ರಶ್ನೆಗಳು. ಇವೆರಡಕ್ಕೆ ಉತ್ತರ ದೊರೆತರೆ ಯಂತ್ರದ ಆಯ್ಕೆ ಸುಲಭ. ದೊರೆಯದಿದ್ದರೆ ಎಷ್ಟು ಬೆಲೆಯ ಯಂತ್ರ ತಂದರೂ ವ್ಯರ್ಥ.

ಗಣಕಯಂತ್ರವು ವ್ಯಾಪಾರದ ಮನೆಗೆ ಕಾಲಿಟ್ಟ ಚರಿತ್ರೆಯೇ ಈ ಮಾತಿಗೆ ಸಾಕ್ಷಿಯಾಗಿದೆ. ವಿಜ್ಞಾನಿಗಳ ಮತ್ತು ಸೈನ್ಯದ ಲೆಕ್ಕಗಳಿಗಾಗಿ ಹುಟ್ಟಿದ ಈ ಯಂತ್ರವನ್ನು ದಿನನಿತ್ಯದ ವ್ಯಾಪಾರಕ್ಕೆ ಮೊದಲು ಹೂಡಿದವರು ಇಂಗ್ಲೆಂಡಿನಲ್ಲಿ ಚಹದ ಅಂಗಡಿಗಳನ್ನೂ ರೊಟ್ಟಿ ಕೇಕುಗಳ ಭಟ್ಟಿಗಳನ್ನೂ ನಡೆಸುತ್ತಿದ್ದ ಜೆ. ಲಯನ್ಸ್ ಕಂಪನಿಯವರು. 1947ರಲ್ಲಿ ಅವರು ತಮ್ಮ ಇಬ್ಬರು ನೌಕರರನ್ನು ಅಮೆರಿಕಕ್ಕೆ ಕಳುಹಿಸಿ, ಕಚೇರಿಯ ಕೆಲಸಕ್ಕೆ ಹೊಸ ಸಾಧನಗಳೇನಾದರೂ ಉಂಟೆ ಎಂದು ವಿಚಾರಿಸಿಕೊಂಡು ಬರಲು ಹೇಳಿದರು. ಆ ಬಳಿಕ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ನಿರ್ಮಾಣವಾಗುತ್ತಿದ್ದ 'ಎಡ್ಸ್ಯಾಕ್' ಯಂತ್ರಕ್ಕೆ ಹಣದ ನೆರವನ್ನಿತ್ತರು. 1949ರಲ್ಲಿ ಅದು ಕೆಲಸ ಮಾಡತೊಡಗಿತು. ಅದರ ಮಾದರಿಯ ಮೇಲೆ ತಮ್ಮದೇ ಆದ 'ಲಿಯೋ' ಎಂಬ ಯಂತ್ರವನ್ನು ಕಟ್ಟಿಸಿ, 1951ರ ನವೆಂಬರಿನಲ್ಲಿ ಭಟ್ಟಿಗಳ ಉತ್ಪನ್ನದ ಬೆಲೆ ಕಟ್ಟುವ ಲೆಕ್ಕಕ್ಕೆ ಅದನ್ನು ತೊಡಗಿಸಿದರು. ಸುಮಾರು 6,000 ನಿರ್ವಾತ ನಳಿಗೆಗಳಿದ್ದ ಆ ಭಾರಿ ಯಂತ್ರದ ಸ್ಮೃತಿಯು ಇಂದಿನ ಅಗ್ಗದ ಸ್ಮಾರ್ಟ್ ಫೋನಿನ ಸ್ಮೃತಿಯ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ.

ಅಷ್ಟು ಬಡ ಸ್ಮೃತಿಯ ಯಂತ್ರದಿಂದ ಅಷ್ಟು ದೊಡ್ಡ ಕೆಲಸ ನಡೆದುದು ಹೇಗೆ? ಅವರು ಮೊದಲು ಅರಿತದ್ದು ಕೆಲಸವನ್ನು. ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದಲೇ ಆ ಕಂಪನಿಯಲ್ಲಿ ಕಚೇರಿಯ ಪ್ರತಿಯೊಂದು ಕಾಗದವೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಏಕೆ ಹೋಗುತ್ತದೆ ಎಂಬುದನ್ನು ಪರಿಶೀಲಿಸುವ ಪದ್ಧತಿಯಿತ್ತು. 1954ರಲ್ಲಿ ಚಹದ ಅಂಗಡಿಗಳಿಗೆ ಸರಕು ಕಳುಹಿಸುವ ಲೆಕ್ಕವನ್ನು ಲಿಯೋ ಯಂತ್ರಕ್ಕೆ ಒಪ್ಪಿಸಿದಾಗ ಅವರು ಮಾಡಿದ ಏರ್ಪಾಡನ್ನು ನೋಡಿ. ಪ್ರತಿ ಅಂಗಡಿಗೂ ಒಂದು ನಿಶ್ಚಿತ ಬೇಡಿಕೆಯನ್ನು ಮೊದಲೇ ಗೊತ್ತುಮಾಡಿದರು. ಅಂಗಡಿಯ ಮೇಲ್ವಿಚಾರಕರು ಪ್ರತಿದಿನವೂ ಇಡೀ ಪಟ್ಟಿಯನ್ನು ಬರೆದು ಕಳುಹಿಸಬೇಕಾಗಿರಲಿಲ್ಲ. ಇಂದು ಏನು ಹೆಚ್ಚು, ಏನು ಕಡಮೆ ಎಂಬ ವ್ಯತ್ಯಾಸವನ್ನು ಮಾತ್ರ ದೂರವಾಣಿಯಲ್ಲಿ ತಿಳಿಸಿದರೆ ಸಾಕು. ಕೇಳಿಸಿಕೊಂಡವರು ಅದನ್ನು ಕೂಡಲೆ ಕಾರ್ಡಿನಲ್ಲಿ ರಂಧ್ರಗಳಾಗಿ ಒತ್ತುತ್ತಿದ್ದರು. ನಾಳೆ ಮಳೆ ಬಂದೀತೆ, ಪಕ್ಕದ ಬೀದಿಯಲ್ಲಿ ಜಾತ್ರೆಯಿದೆಯೆ ಎಂಬ ತಿಳಿವಳಿಕೆ ಮನುಷ್ಯನದು. ಕೂಡಿ ಕಳೆಯುವ ಬೇಸರದ ದುಡಿಮೆ ಯಂತ್ರದ್ದು. ಈ ಹಂಚಿಕೆಯನ್ನು ಮಾಡಿದುದು ಯಂತ್ರವಲ್ಲ, ಕೆಲಸವನ್ನು ಬಲ್ಲ ಮನುಷ್ಯರು.

ಲಯನ್ಸ್ ದೊಡ್ಡ ಕಂಪನಿ. ಸಣ್ಣ ಅಂಗಡಿಯ ಮಾತು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಾದರೆ ನಮ್ಮ ಬೆಂಗಳೂರಿಗೇ ಬರೋಣ. ಮೇಜಿನ ಮೇಲೆ ಇಡಬಹುದಾದ ಗಣಕಗಳು ಭಾರತದಲ್ಲಿ ಆಗತಾನೆ ಕಾಣಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಶ್ಯಾಮ್ ಸುಂದರ್ ಗೋಯೆಂಕಾ ಎಂಬ ಉದ್ಯಮಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಎಲ್ಲಿಯೂ ದೊರೆಯಲಿಲ್ಲ. ಗಣಿತದ ಪದವೀಧರನಾಗಿದ್ದ ಮಗ ಭರತ್ ಗೋಯೆಂಕಾಗೆ, ನೀನೇ ಒಂದನ್ನು ಬರೆ ಎಂದರು. 1986ರಲ್ಲಿ ತಂದೆ ಮಕ್ಕಳು ಸೇರಿ ಆರಂಭಿಸಿದ ಸಂಸ್ಥೆಯಿಂದ ಬಂದುದೇ 'ಟ್ಯಾಲಿ'. ಆಗಿನ ಅನೇಕ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆಯನ್ನು ಕೊಟ್ಟು, ಗುಮಾಸ್ತನು ಅದನ್ನು ಬಾಯಿಪಾಠ ಮಾಡಬೇಕಾಗಿತ್ತು. ಟ್ಯಾಲಿಯಲ್ಲಿ ಖಾತೆಯನ್ನು ಅದರ ಹೆಸರಿನಿಂದಲೇ ಕರೆಯಬಹುದಾಗಿತ್ತು. ಗುಮಾಸ್ತನ ಪುಸ್ತಕದಲ್ಲಿ ಹೆಸರಿತ್ತೇ ವಿನಾ ಸಂಖ್ಯೆಯಿರಲಿಲ್ಲವಷ್ಟೆ. ಕೆಲಸದ ರೀತಿಗೆ ಯಂತ್ರವನ್ನು ಬಗ್ಗಿಸಿದ ಈ ಸಣ್ಣ ಸಂಗತಿಯಲ್ಲಿ ದೊಡ್ಡ ಪಾಠವಿದೆ. ಒಂದು ತಂತ್ರಾಂಶವನ್ನು ಪರೀಕ್ಷಿಸುವಾಗ ಅದರ ಬಣ್ಣಗಳನ್ನು ನೋಡುವುದಕ್ಕಿಂತ, ನಮ್ಮ ಅಂಗಡಿಯಲ್ಲಿ ಹತ್ತು ವರ್ಷ ಕುಳಿತ ಗುಮಾಸ್ತನು ಅದರ ಮುಂದೆ ಕುಳಿತು ಎಷ್ಟು ಬೇಗ ಒಂದು ಬಿಲ್ಲು ಬರೆಯಬಲ್ಲ ಎಂಬುದನ್ನು ನೋಡುವುದು ಲೇಸು.

ಈಗ ನಮ್ಮ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸವೇನು? ಅಂಗಡಿಗೆ ಹೋಗಿ ಒಂದು ವಾರ ಬರಿಯ ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು. ದಿನಕ್ಕೆ ಎಷ್ಟು ಬಿಲ್ಲು, ಬಿಲ್ಲಿಗೆ ಎಷ್ಟು ಬಾಬು, ಎಷ್ಟು ನಗದು, ಎಷ್ಟು ಉದ್ದರಿ, ಯಾವ ಸರಕು ಮುಗಿದು ಗಿರಾಕಿ ಬರಿಗೈಯಲ್ಲಿ ಹಿಂದಿರುಗಿದ, ಯಾವುದು ಹಾಳಾಗಿ ಹೊರಹೋಯಿತು ಎಂಬುದನ್ನು ಗುರುತು ಹಾಕಬೇಕು. ವಾರದ ಕೊನೆಗೆ ಅಂಗಡಿಯ ನಿಜವಾದ ನೋವು ಎಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಒಂದು ಅಂಗಡಿಗೆ ಉದ್ದರಿಯೇ ನೋವು. ಇನ್ನೊಂದಕ್ಕೆ ಅವಧಿ ಮೀರಿದ ಔಷಧಿ. ಮತ್ತೊಂದಕ್ಕೆ ಬೇಗ ಕೆಡುವ ಹಣ್ಣು. ಒಂದೇ ಮದ್ದು ಇವೆಲ್ಲಕ್ಕೂ ಸಲ್ಲದು.

ಈ ಪಟ್ಟಿಯಿಂದ ಯಂತ್ರದ ಅಳತೆಯೂ ತಿಳಿಯುತ್ತದೆ. ಒಂದು ಕಿರಾಣಿ ಅಂಗಡಿಯಲ್ಲಿ ದಿನಕ್ಕೆ 60 ಬಿಲ್ಲುಗಳು, ಬಿಲ್ಲಿಗೆ 5 ಬಾಬುಗಳು ಎಂದಿಟ್ಟುಕೊಳ್ಳೋಣ. ದಿನಕ್ಕೆ 300 ಸಾಲುಗಳಾದುವು. ವರ್ಷದಲ್ಲಿ 300 ದಿನ ಅಂಗಡಿ ತೆರೆದರೆ 90,000 ಸಾಲುಗಳು. ಸಾಲಿಗೆ 100 ಅಕ್ಷರಗಳೆಂದರೆ 90 ಲಕ್ಷ ಅಕ್ಷರಗಳು. ಇಂಗ್ಲಿಷಿನಲ್ಲಿ ಬರೆದರೆ ಅಕ್ಷರಕ್ಕೆ ಒಂದು ಬೈಟಿನಂತೆ 9 ಮೆಗಾಬೈಟು. ಕನ್ನಡದಲ್ಲಿ ಬರೆದರೆ ಈಗ ಬಳಕೆಯಲ್ಲಿರುವ ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಪ್ರತಿ ವರ್ಣಕ್ಕೆ ಮೂರು ಬೈಟು. ಆಗ 27 ಮೆಗಾಬೈಟು. ಹಬ್ಬದ ದಿನ ಮೊಬೈಲಿನಲ್ಲಿ ತೆಗೆದ ಹತ್ತು ಛಾಯಾಚಿತ್ರಗಳಿಗೆ ಹೆಚ್ಚು ಕಡಮೆ ಇಷ್ಟೇ ಸ್ಥಳ ಬೇಕು. ತಂತ್ರಾಂಶವು ತನ್ನ ಅನುಕೂಲಕ್ಕಾಗಿ ಇದರ ಹತ್ತರಷ್ಟು ಸ್ಥಳ ಹಿಡಿದರೂ ಸಾಧಾರಣವಾದ, ಹಳೆಯದಾದ ಯಂತ್ರವೇ ಸಾಕು. ಅತಿವೇಗದ, ಅತಿಬೆಲೆಯ ಯಂತ್ರವನ್ನು ಕಿರಾಣಿ ಅಂಗಡಿಗೆ ಮಾರಲು ಬಂದವರ ಮುಂದೆ ಈ ಐದು ಸಾಲಿನ ಗಣಿತವನ್ನು ಇಡಬಹುದು. ಹಣ ಉಳಿದರೆ ವಿದ್ಯುತ್ತು ಹೋದಾಗ ಯಂತ್ರವನ್ನು ಕೆಲಕಾಲ ನಡೆಸುವ ಬ್ಯಾಟರಿಗೂ ಕೆಲಸ ಕಲಿಸುವವರ ಕೂಲಿಗೂ ಅದು ಒದಗಲಿ.

ಕನ್ನಡದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಹಿಂದಿನ ಕೆಲವು ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಗಳಿಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆಯಲಾಗಿತ್ತು. ಆ ಶೈಲಿಯಿಲ್ಲದ ಯಂತ್ರದಲ್ಲಿ 'ತೊಗರಿಬೇಳೆ'ಯು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದಿಟ್ಟರೆ ಈ ತೊಂದರೆಯಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುವವರು ಓದಬಲ್ಲ ಭಾಷೆಯಲ್ಲಿ ಸರಕಿನ ಹೆಸರಿರಬೇಕೆಂಬುದು ಬರಿಯ ಅಭಿಮಾನದ ಮಾತಲ್ಲ, ತಪ್ಪನ್ನು ತಡೆಯುವ ಉಪಾಯ.

ತಪ್ಪಿನ ವಿಷಯದಲ್ಲಿ ಯಂತ್ರದ ಶಕ್ತಿ ಎಲ್ಲಿಯವರೆಗೆ, ಅದರ ಅಶಕ್ತಿ ಎಲ್ಲಿಂದ ಎಂಬುದನ್ನು ಸರಕಿನ ಪೊಟ್ಟಣದ ಮೇಲಿನ ಗೆರೆಗಳು ಚೆನ್ನಾಗಿ ತೋರಿಸುತ್ತವೆ. 'ಬಾರ್‌ಕೋಡ್' ಎಂಬ ಈ ಗುರುತನ್ನು ಹೊತ್ತ ಸರಕು, ಒಂದು ಚೂಯಿಂಗ್ ಗಮ್ ಪೊಟ್ಟಣ, ಮೊದಲ ಬಾರಿಗೆ ಅಂಗಡಿಯಲ್ಲಿ ಮಾರಾಟವಾದುದು 1974ರ ಜೂನ್ 26ರಂದು, ಅಮೆರಿಕದ ಒಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಗುರುತಿನಲ್ಲಿ 13 ಅಂಕಗಳಿರುತ್ತವೆ. ಕೊನೆಯ ಅಂಕವು ಕಾವಲುಗಾರ. ಎಡದಿಂದ ಬೆಸ ಸ್ಥಾನಗಳ ಅಂಕಗಳನ್ನು ಹಾಗೆಯೇ ಕೂಡಿಸಿ, ಸಮ ಸ್ಥಾನಗಳ ಅಂಕಗಳ ಮೊತ್ತವನ್ನು ಮೂರರಿಂದ ಗುಣಿಸಿ ಸೇರಿಸಿದರೆ, ಬಂದ ಮೊತ್ತವು ಹತ್ತರಿಂದ ನಿಶ್ಶೇಷವಾಗಿ ಭಾಗಿಸಲ್ಪಡಬೇಕು. ಉದಾಹರಣೆಗೆ 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಬೆಸ ಸ್ಥಾನಗಳ ಮೊತ್ತ 28, ಸಮ ಸ್ಥಾನಗಳ ಮೊತ್ತ 34, ಅದರ ಮೂರರಷ್ಟು 102, ಒಟ್ಟು 130. ಸಂಖ್ಯೆ ಸರಿಯಾಗಿದೆ. ಇದರಲ್ಲಿಯ 4 ತಪ್ಪಾಗಿ 7 ಆದರೆ ಮೊತ್ತ 133 ಆಗಿ ಯಂತ್ರ ಕೂಡಲೆ ನಿರಾಕರಿಸುತ್ತದೆ. ಯಾವುದೇ ಒಂದು ಅಂಕ ತಪ್ಪಾದರೂ ಈ ಪರೀಕ್ಷೆ ಅದನ್ನು ಹಿಡಿಯದೆ ಬಿಡದು. ಆದರೆ ನೆರೆಯ ಎರಡು ಅಂಕಗಳ ನಡುವಿನ ಅಂತರ ಸರಿಯಾಗಿ 5 ಆಗಿದ್ದರೆ, ಅವು ಅದಲುಬದಲಾದುದು ಇದರ ಕಣ್ಣಿಗೆ ಬೀಳುವುದಿಲ್ಲ. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಯೋಚಿಸಿ ಕಂಡುಕೊಳ್ಳಲಿ.

ಇದು ಯಂತ್ರದ ಜಾಣತನ. ಆದರೆ ಎರಡು ಪೊಟ್ಟಣ ಕೊಟ್ಟು ಒಂದನ್ನೇ ಓದಿಸಿದರೆ, ಮನೆಗೆ ಒಯ್ದ ಸಕ್ಕರೆಯನ್ನು ಬರೆಯದೆ ಬಿಟ್ಟರೆ, ಈ ಕಾವಲುಗಾರನಿಗೆ ಏನೂ ತಿಳಿಯದು. ಯಂತ್ರವು ಬರೆದುದನ್ನು ಸರಿಯಾಗಿ ಕೂಡಬಲ್ಲದು. ಬರೆಯದೆ ಬಿಟ್ಟುದನ್ನು ಊಹಿಸಲಾರದು.

ಬರೆಯದೆ ಬಿಟ್ಟುದರ ಬೆಲೆ ಎಷ್ಟೆಂಬುದನ್ನು ಕರ್ನಾಟಕದ ಸಣ್ಣ ವರ್ತಕರು ಈಚೆಗೆ ಕಂಡರು. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಿಂದ ಗಿರಾಕಿಯ ಫೋನಿನಿಂದ ವರ್ತಕನ ಬ್ಯಾಂಕಿಗೆ ಹಣ ಕ್ಷಣಮಾತ್ರದಲ್ಲಿ ಸೇರತೊಡಗಿತು. ಅಂಗಡಿಯಂಗಡಿಯಲ್ಲಿಯೂ ಚೌಕುಳಿ ಚೌಕುಳಿಯ ಚಿತ್ರವೊಂದು ತೂಗಾಡಿತು. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು, ಹಾಗೆ ಬಂದ ಹಣದ ಮೊತ್ತವನ್ನು ಆಧಾರವಾಗಿಟ್ಟುಕೊಂಡು, ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿಗಳನ್ನು, ಸೇವೆಯಾದರೆ 20 ಲಕ್ಷವನ್ನು ಮೀರಿದವರು ಜಿ.ಎಸ್.ಟಿ. ನೋಂದಣಿ ಮಾಡಿಸಬೇಕೆಂಬುದು ನಿಯಮ. ಆದರೆ ಹಾಲಿಗೂ ತಾಜಾ ತರಕಾರಿಗೂ ತೆರಿಗೆಯಿಲ್ಲ. ಸಾಬೂನಿಗೂ ಬಿಸ್ಕತ್ತಿಗೂ ಉಂಟು. ಬ್ಯಾಂಕಿನ ಪುಸ್ತಕದಲ್ಲಿ ಕಾಣುವುದು ಮೊತ್ತ ಮಾತ್ರ. ಆ ಮೊತ್ತದಲ್ಲಿ ಹಾಲಿನದೆಷ್ಟು, ಸಾಬೂನಿನದೆಷ್ಟು, ನೆಂಟರು ಕೊಟ್ಟ ಕೈಗಡವೆಷ್ಟು ಎಂಬುದನ್ನು ಅದು ಹೇಳಲಾರದು. ವರ್ತಕನೂ ಹೇಳಲಾರದೆ ಹೋದ. ಏಕೆಂದರೆ ಅವನು ಬರೆದಿಟ್ಟಿರಲಿಲ್ಲ. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ತಲೆಯೆತ್ತಿದುವು. ಕೊನೆಗೆ ಸರ್ಕಾರ ವರ್ತಕರೊಡನೆ ಮಾತುಕತೆ ನಡೆಸಿ ಸಮಾಧಾನ ಹೇಳಬೇಕಾಯಿತು.

ನೋಟೀಸು ಕಳುಹಿಸಿದ ರೀತಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ನಮಗೆ ಕಾಣುವ ಪಾಠ ಬೇರೆ. ಆ ವರ್ತಕರ ಕೈಯಲ್ಲಿ ನವೀನ ಯಂತ್ರವಿತ್ತು. ಅದು ಹಣದ ಲೆಕ್ಕವನ್ನು ಪೈಸೆ ತಪ್ಪದೆ ಇಟ್ಟಿತ್ತು. ಆದರೆ ಆ ಲೆಕ್ಕ ಬೇರೆಯವರ ಪ್ರಶ್ನೆಗಾಗಿ ಬೇರೆಯವರು ಇಟ್ಟ ಲೆಕ್ಕ. ವರ್ತಕನ ಸ್ವಂತ ಪುಸ್ತಕದಲ್ಲಿ 'ತೆರಿಗೆಯಿಲ್ಲದ ಸರಕು', 'ತೆರಿಗೆಯ ಸರಕು' ಎಂಬ ಎರಡೇ ಅಂಕಣಗಳಿದ್ದಿದ್ದರೆ, ಎರಡಾಣೆಯ ಪೆನ್ಸಿಲಿನಿಂದ ಬರೆದಿದ್ದರೂ ಅವು ಅವನಿಗೆ ಗುರಾಣಿಯಾಗುತ್ತಿದ್ದುವು. ನಗದಿಗೆ ಓಡಿಹೋಗುವುದರಿಂದ ಈ ಕೊರತೆ ತೀರದು. ಇದ್ದ ಒಂದು ದಾಖಲೆಯೂ ಅದರಿಂದ ಇಲ್ಲವಾಗುತ್ತದೆ.

ಇನ್ನು ಎರಡನೆಯ ಪ್ರಶ್ನೆ: ಬರೆದಿಟ್ಟದ್ದು ನಮ್ಮದಾಗಿ ಉಳಿಯುವುದೆ? ಜಿ.ಎಸ್.ಟಿ. ಕಾಯಿದೆಯಂತೆ ನೋಂದಾಯಿತ ವರ್ತಕನು ವಾರ್ಷಿಕ ವಿವರಪತ್ರ ಸಲ್ಲಿಸುವ ಗಡುವಿನಿಂದ 72 ತಿಂಗಳುಗಳ ಕಾಲ ತನ್ನ ಲೆಕ್ಕಪತ್ರಗಳನ್ನು ಕಾಪಾಡಬೇಕು. ಆರು ವರ್ಷಗಳಲ್ಲಿ ಯಂತ್ರ ಮುದಿಯಾದೀತು, ತಂತ್ರಾಂಶ ಬದಲಾದೀತು, ಅದನ್ನು ಮಾರಿದ ಸಂಸ್ಥೆ ಮುಚ್ಚಿಯೂ ಹೋದೀತು. ಲೆಕ್ಕ ಮಾತ್ರ ಉಳಿಯಬೇಕು. ಈ ಕಷ್ಟವನ್ನು ನಾವೇ ಅನುಭವಿಸಿದ್ದೇವೆ. ನಮ್ಮ ಚಂದಾದಾರರ ಪಟ್ಟಿಯನ್ನು ಒಮ್ಮೆ ಒಂದು ತಂತ್ರಾಂಶದಲ್ಲಿ ತುಂಬಿಸಿಟ್ಟಿದ್ದೆವು. ಅದನ್ನು ಮಾರಿದವರು ವ್ಯವಹಾರ ನಿಲ್ಲಿಸಿದರು. ಪಟ್ಟಿ ತೆರೆಯ ಮೇಲೆ ಕಾಣುತ್ತಿತ್ತು, ಹೊರಕ್ಕೆ ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಒಬ್ಬರು ಓದಿ, ಇನ್ನೊಬ್ಬರು ಬೆರಳಚ್ಚು ಮಾಡಿ, ಎರಡು ವಾರ ಕಳೆದುವು. ಆಗ ನಮಗೆ ಬಂದ ಕೋಪವೆಲ್ಲ ಮಾರಿದವರ ಮೇಲಲ್ಲ, ಕೊಳ್ಳುವಾಗ ಒಂದು ಮಾತು ಕೇಳದಿದ್ದ ನಮ್ಮ ಮೇಲೆಯೇ.

ಆ ಒಂದು ಮಾತು ಯಾವುದು? "ನಮ್ಮ ಲೆಕ್ಕವನ್ನೆಲ್ಲ ಸಾದಾ ಕೋಷ್ಟಕದ ಕಡತವಾಗಿ ಹೊರತೆಗೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು ಈಗಲೇ ತೋರಿಸಿ." ಇಂಥ ಸಾದಾ ಕಡತಕ್ಕೆ 'ಸಿ.ಎಸ್.ವಿ.' ಎಂಬ ರೂಪ ಬಹುಕಾಲದಿಂದ ಬಳಕೆಯಲ್ಲಿದೆ; ಅಂಕಣಗಳ ನಡುವೆ ಅಲ್ಪವಿರಾಮ ಹಾಕಿದ ಬರಿಯ ಅಕ್ಷರಗಳ ಸಾಲು ಅದು. ಮಾರುವವರು ಅದನ್ನು ತೋರಿಸಿದರೆ ಸರಿ. ಆಮೇಲೆ ನೋಡೋಣ ಎಂದರೆ ನಾವೂ ಆಮೇಲೆ ಕೊಳ್ಳೋಣ ಎನ್ನತಕ್ಕದ್ದು. ಬಾವಿಗೆ ಇಳಿಯುವವನು ಮೇಲೇರುವ ಹಗ್ಗವನ್ನು ಮೊದಲು ನೋಡಿಕೊಳ್ಳುತ್ತಾನಲ್ಲವೆ? ಬೆಲೆಯಿಲ್ಲದೆ ದೊರೆಯುವ ಮೊಬೈಲ್ ತಂತ್ರಾಂಶಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಅವುಗಳಲ್ಲಿ ಒಳ್ಳೆಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಯಾರಿಗೆ ಎಷ್ಟು ಉದ್ದರಿ ಎಂಬ ಗುಟ್ಟನ್ನು ಅವು ಎಲ್ಲಿ ಇಡುತ್ತವೆ, ಯಾರಿಗೆ ತೋರಿಸುತ್ತವೆ ಎಂಬುದನ್ನು ಕೇಳದೆ ಒಪ್ಪಬಾರದು.

ಹೊರತೆಗೆದ ಕಡತಕ್ಕೆ ಪ್ರತಿಗಳೂ ಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಅಂಗಡಿಯಿಂದ ದೂರದಲ್ಲಿ ಎಂಬುದು ಬಲ್ಲವರ ಸೂತ್ರ. ಬೆಂಕಿಯೋ ನೆರೆಯೋ ಬಂದರೆ ಯಂತ್ರವೂ ಅದರ ಪಕ್ಕದಲ್ಲಿಟ್ಟ ಪ್ರತಿಯೂ ಒಟ್ಟಿಗೇ ಹೋಗುತ್ತವಷ್ಟೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬುವುದು, ಮುಳುಗುವ ದಿನ ಈಜು ಕಲಿಯಲು ಹೊರಟಂತೆ.

ಇಷ್ಟೆಲ್ಲ ತೊಂದರೆ ಏಕೆ, ಕೈಬರಹದ ಪುಸ್ತಕವೇ ಸಾಲದೆ ಎಂದು ಕೇಳುವವರುಂಟು. ಸಾಲುವ ಅಂಗಡಿಗಳೂ ಉಂಟು. ದಿನಕ್ಕೆ ಹತ್ತು ಬಿಲ್ಲು ಬರೆಯುವ ಬಡಗಿಗೋ ದರ್ಜಿಗೋ ಗೆರೆ ಹಾಕಿದ ಒಂದು ಪುಸ್ತಕವೇ ಉತ್ತಮ ಸಾಧನ. ಅದರಿಂದ ಅವರ ಗೌರವಕ್ಕೆ ಕುಂದಿಲ್ಲ. ಯಂತ್ರವಿಲ್ಲದವರು ಹಿಂದುಳಿದವರೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ನೂರಾರು ಬಗೆಯ ಸರಕು, ಹತ್ತಾರು ಮಂದಿಯ ಉದ್ದರಿ, ತಿಂಗಳು ತಿಂಗಳಿಗೂ ತೆರಿಗೆಯ ವಿವರ ಬೇಕಾದ ಅಂಗಡಿಯಲ್ಲಿ, ರಾತ್ರಿ ಹನ್ನೊಂದರವರೆಗೆ ಲೆಕ್ಕ ಕೂಡುತ್ತ ಕಣ್ಣು ನೋಯಿಸಿಕೊಳ್ಳುವ ತಂದೆಗೆ ಯಂತ್ರವು ನಿಜವಾಗಿ ಬಿಡುವನ್ನು ಕೊಟ್ಟೀತು. ಆಗಲೂ ಮೊದಲ ಒಂದು ತಿಂಗಳು ಪುಸ್ತಕವನ್ನೂ ಯಂತ್ರವನ್ನೂ ಜೊತೆಜೊತೆಯಾಗಿ ನಡೆಸಿ, ಪ್ರತಿ ಸಂಜೆ ಎರಡನ್ನೂ ತಾಳೆ ನೋಡುವುದು ವಿವೇಕ. ತಾಳೆಯಾಗದ ದಿನವೇ ಹೆಚ್ಚು ಕಲಿಯುವ ದಿನ.

ಕೊನೆಯದಾಗಿ ಗುಮಾಸ್ತನ ಮಾತು. ಯಾವ ಗಿರಾಕಿ ಸುಗ್ಗಿಯಾದ ಮೇಲೆ ಹಣ ಕೊಡುತ್ತಾನೆ, ಯಾರ ಮನೆಯಲ್ಲಿ ಈ ತಿಂಗಳು ಕಷ್ಟವಿದೆ, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂಬುದೆಲ್ಲ ಅವನ ತಲೆಯಲ್ಲಿದೆ. ಯಂತ್ರ ಬಂದಿತೆಂದು ಅವನನ್ನು ಮೂಲೆಗೆ ಕೂರಿಸಿದರೆ ಅಂಗಡಿಯ ಅರ್ಧ ಲೆಕ್ಕ ಅವನೊಡನೆಯೇ ಹೋಗುತ್ತದೆ. ಚಹದಂಗಡಿಯ ಮೇಲ್ವಿಚಾರಕರಿಗೆ ಲಯನ್ಸ್ ಕಂಪನಿ ಕೊಟ್ಟ ಸ್ಥಾನವನ್ನು ನಮ್ಮ ಗುಮಾಸ್ತನಿಗೂ ಕೊಡೋಣ. ಕೂಡುವುದು ಯಂತ್ರಕ್ಕಿರಲಿ, ತಿಳಿಯುವುದು ಅವನಿಗಿರಲಿ.

ವಿದ್ಯಾರ್ಥಿ ಮಿತ್ರರೆ, ನಾಳೆ ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಬಂದಾಗ ಜಾಹೀರಾತುಗಳ ಹಾಳೆಯನ್ನು ಬಿಡಿಸಬೇಡಿ. ತಂದೆಯ ಲೆಕ್ಕದ ಪುಸ್ತಕವನ್ನು ಬಿಡಿಸಿ, ಅವರ ಪಕ್ಕದಲ್ಲಿ ಕುಳಿತು, ಈ ಅಂಕಣ ಏಕಿದೆ, ಈ ಗುರುತಿನ ಅರ್ಥವೇನು ಎಂದು ಕೇಳಿ. ಅವರಿಗೆ ಗಣಕ ತಿಳಿಯದು, ನಿಮಗೆ ಅಂಗಡಿ ತಿಳಿಯದು. ಇಬ್ಬರೂ ಒಂದು ವಾರ ಜೊತೆಗೆ ಕುಳಿತರೆ ಎರಡೂ ತಿಳಿಯುತ್ತವೆ. ಅಷ್ಟಾದ ಮೇಲೆ ಪೇಟೆಗೆ ಹೋಗಿ ಯಂತ್ರವನ್ನು ತನ್ನಿ. ಬರುವ ದೀಪಾವಳಿಗೆ ಅದಕ್ಕೂ ಕುಂಕುಮವಿಡಿ; ಪುಸ್ತಕಕ್ಕೂ ಇಡುವುದನ್ನು ಮರೆಯಬೇಡಿ.